ಮೀನಿನ ತೊಟ್ಟಿಗೆ ಬಳಸುವ ಆರ್‌ಒ ಯಂತ್ರದಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಏರುತ್ತಿದೆ, ಲವಣ ಸೋಸುವ ಮೆಂಬ್ರೇನ್ ಬದಲಿಸಬೇಕೇ?

ತಕ್ಷಣ ಬೇಡ. ನಮ್ಮ ವಿಜಯಪುರದ ಮನೆಯಲ್ಲೂ ಕೊಳವೆಬಾವಿಯ ಗಡಸು ನೀರೇ. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪೊರೆಯೇ ಮೆಂಬ್ರೇನಿನ ಮೇಲೂ ಕೂರುತ್ತದೆ. ಆದರೆ ಮೊದಲು ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪನ್ನು ನೋಡಿ. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಅದು ಮೆಂಬ್ರೇನ್ ದಾಟದ ನೀರನ್ನು ಬೆರೆಸುತ್ತದೆ. ಇದನ್ನು ಗಮನಿಸದೆ ಹೊಸ ಮೆಂಬ್ರೇನಿಗೆ ಹಣ ಸುರಿಯುವವರನ್ನು ಕಂಡು ನನಗೆ ಸಂಕಟವಾಗುತ್ತದೆ. ತಿರುಪನ್ನು ಪೂರ್ತಿ ಮುಚ್ಚಿ, ಖನಿಜ ಸೇರಿಸುವ ಮಿನರಲ್ ಕಾರ್ಟ್ರಿಜ್ ಇದ್ದರೆ ಅದಕ್ಕೂ ಮುಂಚೆ ನೀರು ಹಿಡಿದು ಅಳೆಯಿರಿ. ಯಂತ್ರ ರಾತ್ರಿಯಿಡೀ ನಿಂತಿದ್ದರೆ ಮೊದಲ ಕೆಲವು ನಿಮಿಷಗಳ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ಟಿಡಿಎಸ್ ಹೆಚ್ಚೇ ಇರುತ್ತದೆ.

ಒಳಹೋಗುವ ನೀರಿನ ಟಿಡಿಎಸ್ 1000 ಪಿಪಿಎಂ ಇದ್ದು ಹೊರಬರುವುದು 50ರಿಂದ 80 ಇದ್ದರೆ ಮೆಂಬ್ರೇನ್ ಚೆನ್ನಾಗಿದೆ. 150 ದಾಟಿ ಅಲ್ಲೇ ನಿಂತರೆ ಬದಲಿಸಿ.

ಮಣ್ಣು, ಕಸ ತಡೆಯುವ ಸೆಡಿಮೆಂಟ್ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿದೊಡನೆ ತೆಗೆಯಿರಿ. ಕ್ಲೋರಿನ್ ಹೀರುವ ಕಾರ್ಬನ್ ಫಿಲ್ಟರನ್ನು ಆರು ತಿಂಗಳಿಗೊಮ್ಮೆ ಬದಲಿಸಿ. ನಗರದ ನಲ್ಲಿ ನೀರು ಬಳಸುವವರಂತೂ ಇದನ್ನು ತಪ್ಪಿಸಲೇಬಾರದು, ಕ್ಲೋರಿನ್ ಮೆಂಬ್ರೇನನ್ನು ಹಾಳುಮಾಡುತ್ತದೆ.

ಬರಿಯ ಆರ್‌ಒ ನೀರಿನಲ್ಲಿ ಮೀನು ಬಿಡಬೇಡಿ. ಕಾರ್ಬೊನೇಟ್ ಇಲ್ಲದೆ ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ದಿಢೀರನೆ ಕುಸಿಯಬಹುದು. ಸ್ವಲ್ಪ ಬಾವಿ ನೀರು ಬೆರೆಸಿ. ಗಪ್ಪಿ ಮೀನುಗಳಿಗಾದರೆ ಗಡಸು ನೀರೇ ಹಿತ.