ಮೇಟಿಗೆ ಕಟ್ಟಿದ ಪತಂಗದ ಲೆಕ್ಕ

ಪ್ರಶ್ನೆ: ನಮ್ಮದು ಮಾನ್ವಿ ತಾಲ್ಲೂಕು, ಆರು ಎಕರೆ ಹತ್ತಿ. ಗುಲಾಬಿ ಕಾಯಿಕೊರಕದ ಕಾಟಕ್ಕೆ ಈ ಸಲ ಡಿಸೆಂಬರ್ ಕೊನೆಗೇ ಬೆಳೆ ಮುಗಿಸಿ, ಕಟ್ಟಿಗೆ ಕಿತ್ತು ಹೊಲ ಹರಗಿದೆ. ಪಕ್ಕದ ಹೊಲದವರು ಮಾತ್ರ ಹತ್ತಿ ಕಟ್ಟಿಗೆಯನ್ನು ಬದುವಿನ ಮೇಲೆ ಒಟ್ಟಿದ್ದಾರೆ. ಕೇಳಿದರೆ, 'ಚಿಟ್ಟೆ ಎಲ್ಲಿಂದಾದ್ರೂ ಹಾರಿ ಬರುತ್ತೆ, ನನ್ನ ಕಟ್ಟಿಗೆ ಏನು ಮಾಡ್ತು?' ಅಂತಾರೆ. ಈ ಪತಂಗ ನಿಜಕ್ಕೂ ಎಷ್ಟು ದೂರ ಹಾರುತ್ತದೆ ಸರ್? ಲ್ಯಾಬಿನಲ್ಲಿ ಅದನ್ನು ಕಟ್ಟಿ ಹಾರಿಸಿ ಅಳೆಯುತ್ತಾರಂತೆ. ಆ ಲೆಕ್ಕ ನಂಬಬಹುದಾ?

ಉತ್ತರ: ಅಳೆಯುತ್ತಾರೆ, ನಿಜ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗುತ್ತಿದ್ದುದನ್ನು ನೀವು ನೋಡಿರಬೇಕು. ಲ್ಯಾಬಿನಲ್ಲಿರುವುದೂ ಅಂಥದ್ದೇ ಮೇಟಿ, ಹೆಸರು ಮಾತ್ರ ಫ್ಲೈಟ್ ಮಿಲ್. ನಡುವೆ ಸಣ್ಣ ಕಂಬ, ಅದರ ಮೇಲೆ ಸಲೀಸಾಗಿ ತಿರುಗುವ ಹಗುರ ಕಡ್ಡಿ. ಕಡ್ಡಿಯ ಒಂದು ತುದಿಗೆ ಪತಂಗ, ಇನ್ನೊಂದು ತುದಿಗೆ ಸರಿತೂಕ. ಒಂದು ಸುತ್ತು ಬಂದಾಗಲೆಲ್ಲ ಸೆನ್ಸರ್ ಎಣಿಸುತ್ತದೆ, ಕಂಪ್ಯೂಟರ್ ಬರೆದುಕೊಳ್ಳುತ್ತದೆ. ವೃತ್ತದ ಅಡ್ಡಳತೆ 32 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ ಹೆಚ್ಚುಕಡಿಮೆ 1 ಮೀಟರ್. ಸೆಕೆಂಡಿಗೊಂದು ಸುತ್ತು ಬಂದರೆ ಗಂಟೆಗೆ 3.6 ಕಿ.ಮೀ. ಲೆಕ್ಕ ಇಷ್ಟು ಸುಲಭ.

ಕಷ್ಟ ಇರುವುದು ಕಟ್ಟುವುದರಲ್ಲಿ. ಗುಲಾಬಿ ಕಾಯಿಕೊರಕದ ಪತಂಗ ಒಂದು ಸೆಂ.ಮೀ. ಉದ್ದವೂ ಇಲ್ಲ. ಮೊದಲು ಅದನ್ನು ತಂಪಿನಲ್ಲಿಟ್ಟು ಅಲುಗದಂತೆ ಮಾಡಬೇಕು. ಆಮೇಲೆ ಬೆನ್ನ ಮೇಲಿನ ಹುಡಿಯನ್ನು ಸಣ್ಣ ಕುಂಚದಿಂದ ಒರೆಸಬೇಕು. ಪತಂಗ ಮುಟ್ಟಿದರೆ ಬೆರಳಿಗೆ ಬೂದಿಯಂತೆ ಅಂಟುತ್ತದಲ್ವಾ, ಅದೇ ಹುಡಿ. ಅದು ಉಳಿದರೆ ಅಂಟು ಹಿಡಿಯುವುದಿಲ್ಲ. ಸೂಜಿಮೊನೆಯಷ್ಟು ಅಂಟು ಹಚ್ಚಿ ಸಣ್ಣ ತಂತಿ ಕೂರಿಸುತ್ತೇವೆ. ಅಂಟು ಚೂರು ಜಾಸ್ತಿಯಾಗಿ ರೆಕ್ಕೆಯ ಬುಡಕ್ಕೆ ಹರಿದರೆ ಆ ಪತಂಗದ ಲೆಕ್ಕ ಕೆಟ್ಟಿತು ಅಂತಲೇ. ಅದನ್ನು ಬಿಟ್ಟು ಬೇರೆಯದನ್ನು ತೆಗೆದುಕೊಳ್ಳುತ್ತೇವೆ.

ಎಚ್ಚರವಾದ ಮೇಲೆ ಕಾಲಿಗೆ ಒಂದು ಚೂರು ಕಾಗದ ಕೊಡುತ್ತೇವೆ. ಕಾಗದ ಹಿಡಿದಿರುವಷ್ಟು ಹೊತ್ತು ಸುಮ್ನೆ ಇರುತ್ತದೆ. ಕಾಗದ ತೆಗೆದು ಕಾಲಿಗೆ ಆಸರೆ ತಪ್ಪಿತೋ, ರೆಕ್ಕೆ ತಾನಾಗಿ ಬಡಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕೆನಿಸುವುದಿಲ್ಲ. ಇವು ರಾತ್ರಿ ಹಾರುವ ಜೀವ, ಹಾಗಾಗಿ ಕೋಣೆ ಕತ್ತಲಾಗಿರಬೇಕು, ಬಿಸಿ ಒಂದೇ ಸಮ ಇರಬೇಕು. ಪತಂಗ ಎಷ್ಟು ದಿನದ್ದು, ಗಂಡೋ ಹೆಣ್ಣೋ, ಕೂಡಿದೆಯೋ ಇಲ್ಲವೋ, ಸಕ್ಕರೆ ನೀರು ಕುಡಿದಿದೆಯೋ ಇಲ್ಲವೋ ಎಲ್ಲ ಬರೆದಿಡಬೇಕು. ಇದಿಲ್ಲದ ಅಂಕಿಗೆ ಬೆಲೆಯಿಲ್ಲ.

ಈಗ ನಂಬುವ ಮಾತು. ಮೇಟಿಗೆ ಕಟ್ಟಿದ ಪತಂಗ ತನ್ನ ಭಾರವನ್ನು ತಾನೇ ಹೊರುವುದಿಲ್ಲ, ಕಡ್ಡಿ ಹೊರುತ್ತದೆ. ಆದರೆ ಆ ಕಡ್ಡಿಯನ್ನು ತಳ್ಳುವ ಕೆಲಸ ಅದರದ್ದೇ. ಅಲ್ಲಿ ಗಾಳಿ ಇಲ್ಲ, ಹೂವಿನ ವಾಸನೆ ಇಲ್ಲ, ಬೇಕಾದಲ್ಲಿ ಕೂರಲು ಎಲೆಯೂ ಇಲ್ಲ. ಹೀಗಾಗಿ ಮಿಲ್‌ನಲ್ಲಿ ಬಂದ ಕಿಲೋಮೀಟರನ್ನು ತಂದು ನಿಮ್ಮ ಹೊಲದ ನಕ್ಷೆಯ ಮೇಲೆ ಇಡಬಾರದು. ಒಂದು ರಾತ್ರಿಗೆ 10 ಕಿ.ಮೀ. ಎಂದು ಬಂತು ಅಂದುಕೊಳ್ಳಿ. ಅದು ಒಂದೇ ಉಸಿರಿನ ಹಾರಾಟವೋ, ಎರಡೆರಡು ನಿಮಿಷದ ತುಂಡುಗಳನ್ನು ಕೂಡಿಸಿದ್ದೋ? ಎರಡಕ್ಕೂ ಅರ್ಥ ಬೇರೆ. ನಾನಂತೂ ಒಟ್ಟು ದೂರಕ್ಕಿಂತ, ನಿಲ್ಲದೆ ಹಾರಿದ ಅತಿ ಉದ್ದದ ಹಾರಾಟ ಯಾವುದು ಅಂತ ಮೊದಲು ನೋಡುತ್ತೇನೆ.

ಹೋಲಿಸಿ ನೋಡಲು ಮಾತ್ರ ಈ ಮಿಲ್ ತುಂಬ ಒಳ್ಳೆಯದು. ಉಂಡದ್ದು ಮತ್ತು ಹಸಿದದ್ದು, ಎಳೆಯದು ಮತ್ತು ಮುದಿಯಾದದ್ದು, ಇವುಗಳಲ್ಲಿ ಯಾವುದಕ್ಕೆ ಕಸುವು ಜಾಸ್ತಿ ಎಂದು ತಿಳಿಯುತ್ತದೆ. ಅಮೆರಿಕದಲ್ಲಿ ವಿಕಿರಣದಿಂದ ಬಂಜೆಯಾಗಿಸಿದ ಗುಲಾಬಿ ಪತಂಗಗಳನ್ನು ಹತ್ತಿ ಹೊಲಗಳ ಮೇಲೆ ಬಿಟ್ಟು, ಹುಳಕ್ಕೆ ವಿಷವಾಗುವಂತೆ ರೂಪಿಸಿದ ಬಿಟಿ ಹತ್ತಿಯನ್ನೂ ಜೊತೆಗೂಡಿಸಿ, 2018ರಲ್ಲಿ ಅಲ್ಲಿನ ಹತ್ತಿ ಸೀಮೆಯಿಂದ ಈ ಕೀಟ ಹೋಯಿತೆಂದು ಸಾರಿದರು. ಹಾಗೆ ಬಿಟ್ಟ ಪತಂಗ ಚೆನ್ನಾಗಿ ಹಾರದಿದ್ದರೆ ಕೆಲಸ ಕೆಟ್ಟಿತು. ಇಂಥ ಕಡೆ ಹಾರುವ ಶಕ್ತಿಯನ್ನು ಅಳೆಯಲೇಬೇಕು.

ನಿಮ್ಮ ಪಕ್ಕದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಗಾಳಿಗೆ ಸಿಕ್ಕರೆ ಪತಂಗ ದೂರ ಹೋಗುತ್ತದೆ. ವಿಮಾನಕ್ಕೆ ಬಲೆ ಕಟ್ಟಿ ಹಾರಿಸಿದಾಗ ಗುಲಾಬಿ ಪತಂಗ ಸಿಕ್ಕಿದ್ದೂ ಇದೆ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು 2018ರ ಮೇನಲ್ಲಿ ಶಿವಮೊಗ್ಗ ಕಡೆ ಕಂಡು, ನೋಡನೋಡುತ್ತ ದೇಶವನ್ನೇ ಹಬ್ಬಿತು. ಆದರೆ ಗುಲಾಬಿ ಕಾಯಿಕೊರಕ ಆ ಜಾತಿಯ ಅಲೆಮಾರಿ ಅಲ್ಲ. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಹತ್ತಿ. ಹತ್ತಿರದಲ್ಲೇ ಹತ್ತಿ ಸಿಕ್ಕರೆ ಅದೇಕೆ ದೂರ ಹೋಗುತ್ತದೆ? ಆ ಬದುವಿನ ಕಟ್ಟಿಗೆಯಲ್ಲಿ ಒಡೆಯದೆ ಒಣಗಿದ ಕಾಯಿಗಳಿವೆಯಾ ನೋಡಿ. ಒಂದು ಕಾಯಿ ಬಿಡಿಸಿ, ಎರಡು ಬೀಜ ಅಂಟಿಕೊಂಡಂತೆ ಕಂಡರೆ ಬಿಚ್ಚಿ. ಒಳಗೆ ಹುಳ ಮುದುಡಿ ಮಲಗಿರುತ್ತದೆ. ಬೇಸಿಗೆ ಕಳೆಯುವುದು ಹಾಗೆಯೇ. ಅದು ಚಿಟ್ಟೆಯಾಗಿ ಬಂದಾಗ ಹಾರಬೇಕಾದದ್ದು ಒಂದು ಬದುವಿನಷ್ಟು ದೂರ, ಅಷ್ಟೇ. ಹತ್ತಿ ಮೊಗ್ಗು ಬರುವ ಮೊದಲೇ ಹೊರಬಂದ ಚಿಟ್ಟೆಗಳು ಮೊಟ್ಟೆಯಿಡಲು ಜಾಗ ಸಿಗದೆ ಸಾಯುತ್ತವೆ. ಅದಕ್ಕೇ ಮಳೆಗಿಂತ ಮುಂಚೆ, ಮೇನಲ್ಲಿ ನೀರು ಕಟ್ಟಿ ಹತ್ತಿ ಹಾಕಬೇಡಿ ಎನ್ನುವುದು. ರಾಯಚೂರು ಸುತ್ತಲಿನ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್‌ಗಳ ಹತ್ತಿರ ಹೊಲ ಇರುವವರು ಇನ್ನೂ ಹುಷಾರಾಗಿರಬೇಕು, ಹತ್ತಿಯ ಜೊತೆ ಹುಳವೂ ಅಲ್ಲಿಗೆ ಬಂದಿರುತ್ತದೆ.

ಜಗಳ ಬೇಡ, ಒಂದು ಕೆಲಸ ಮಾಡಿ. ಹೆಣ್ಣಿನ ವಾಸನೆಯ ಗುಳಿಗೆ (ಲೂರ್) ಇಟ್ಟು ಗಂಡು ಪತಂಗ ಹಿಡಿಯುವ ಎರಡು ಮೋಹಕ ಬಲೆ ತನ್ನಿ, ಗುಲಾಬಿ ಕಾಯಿಕೊರಕದ ಲೂರ್ ಎಂದೇ ಕೇಳಿ. ಒಂದನ್ನು ಆ ಕಟ್ಟಿಗೆ ರಾಶಿಯ ಹತ್ತಿರ, ಇನ್ನೊಂದನ್ನು ನಿಮ್ಮ ಹೊಲದ ಆಚೆ ತುದಿಗೆ ಕಟ್ಟಿ. ದಿನಾ ಬೆಳಗ್ಗೆ ಎರಡರಲ್ಲೂ ಬಿದ್ದ ಗಂಡು ಪತಂಗ ಎಣಿಸಿ ಬರೆಯಿರಿ. ಮುಂದಿನ ಹತ್ತಿ ಬೆಳೆದು ನಿಂತ ಮೇಲೆ ಬಲೆಯೊಂದಕ್ಕೆ ರಾತ್ರಿಗೆ 8 ಪತಂಗದಂತೆ ಸತತ 3 ರಾತ್ರಿ ಬಿದ್ದರೆ ಔಷಧಿ ಹೊಡೆಯುವ ಹೊತ್ತು ಬಂತು ಎಂದರ್ಥ. ಈಗಿನ ಎಣಿಕೆಯನ್ನು ಮಾತ್ರ ನೀವೊಬ್ಬರೇ ಮಾಡಬೇಡಿ. ಪಕ್ಕದವರನ್ನೂ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಎಣಿಸಿಸಿ.