ಚಾನೆಲ್ ದೊಡ್ಡದಾದ್ರೆ ಸಂಬಳವೂ ದೊಡ್ಡದಾ?

ತಂಗಿಗೆ ದೊಡ್ಡ ಚಾನೆಲ್ ಒಳ್ಳೇದಾ ಸಣ್ಣ ಪ್ರೊಡಕ್ಷನ್ ಕಂಪನಿಯಾ, ಸಂಬಳ ಹೇಗೆ ಹೋಲಿಸೋದು ಅಂತ ಕೇಳಿದ್ದೀರಿ. ನಮ್ಮ ಕಾಸರಗೋಡಿನ ಮಕ್ಕಳು ಚಾನೆಲ್ ಹೆಸರು ನೋಡಿಯೇ ಬೆಂಗಳೂರಿಗೆ ಹೊರಡ್ತಾರೆ, ಆದ್ರೆ ಸೀರಿಯಲ್ ಹೆಚ್ಚಿನದ್ದೂ ಹೊರಗಿನ ಪ್ರೊಡಕ್ಷನ್ ಹೌಸಿನವರು ಮಾಡಿ ಕೊಡೋದು, ಅಲ್ಲಿ ದುಡಿಯುವವರು ಚಾನೆಲ್ಲಿನ ನೌಕರರ ಲೆಕ್ಕಕ್ಕೆ ಬರೋದೇ ಇಲ್ಲ.

ಉದಯ ಟಿವಿಯ ಸನ್ ಟಿವಿ ನೆಟ್‌ವರ್ಕ್, ಜೀ ಕನ್ನಡದ ಜೀ ಎಂಟರ್‌ಟೈನ್‌ಮೆಂಟ್ ಎರಡೂ ಶೇರು ಮಾರ್ಕೆಟಲ್ಲಿರುವ ಕಂಪನಿ, ಹಾಗಾಗಿ 2013ರ ಕಂಪನಿ ಕಾಯ್ದೆ ಪ್ರಕಾರ ಕಂಪನಿ ಬೋರ್ಡಿನ ಡೈರೆಕ್ಟರ್ ಸಂಬಳ ನೌಕರರ ಮೀಡಿಯನ್ ಸಂಬಳದ (ಎಲ್ಲರ ಸಂಬಳ ಸಾಲಾಗಿ ಇಟ್ರೆ ನಟ್ಟನಡುವೆ ಬರೋದು) ಎಷ್ಟು ಪಟ್ಟು, ಪರ್ಮನೆಂಟ್ ನೌಕರರು ಎಷ್ಟು ಅಂತ ಪ್ರತಿ ವರ್ಷ ಹೇಳ್ಲೇಬೇಕು. ಡೈರೆಕ್ಟರಿಗೆ 2 ಕೋಟಿ, 40 ಪಟ್ಟು ಅಂತ ಇಟ್ಕೊಳ್ಳಿ, ಭಾಗಿಸಿದ್ರೆ ವರ್ಷಕ್ಕೆ 5 ಲಕ್ಷ, ಅದೇ ಮಧ್ಯದ ನೌಕರನ ಸಂಬಳ. ಸರಾಸರಿ ನಂಬ್ಬೇಡಿ, ಮೇಲಿನ ನಾಲ್ಕು ಜನರ ದುಡ್ಡೇ ಅದನ್ನ ಏರಿಸಿ ಬಿಡ್ತದೆ.

ಸಣ್ಣ ಕಡೆ ಆದ್ರೆ ಎಷ್ಟು ಜನ ಇದ್ದಾರೆ ಅಂತ ಮೊದ್ಲು ಕೇಳಿ. 20 ಜನವೋ ಹೆಚ್ಚೋ ಇದ್ರೆ ಕಂಪನಿ ಪಿಎಫ್ ನಿಯಮದೊಳಗೆ ಬರ್ತದೆ. ನನ್ನ ಚಿಕ್ಕಮ್ಮನ ಮಗ ಎಡಿಟಿಂಗಿಗೆ ಸೇರಿದ್ದ ಕಡೆ ಕೈಗೆ 18 ಸಾವಿರ, ಸ್ಲಿಪ್ ಇಲ್ಲ, ಶೂಟಿಂಗ್ ನಿಂತ ತಿಂಗಳು ಅದೂ ಇಲ್ಲ, ಕುಂಬ್ಳೆಯಿಂದ ಚಿಕ್ಕಮ್ಮನೇ ರೂಮ್ ಬಾಡಿಗೆ ಕಳಿಸಿದ್ದು.