ಉಳಿ–ಗರಗಸ: ಮಳೆಗಾಲಕ್ಕೆ ಮೊದಲಿನ ಪ್ರಶ್ನೆಗಳು

ಮರಗೆಲಸದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: ಮಾಡಿದ್ದು ಬಾಗಿತು, ಸೀಳಿತು, ಇಲ್ಲವೇ ಬಿಗಿದು ಕೂತಿತು. ಬರೆದವರೆಲ್ಲ ತಮ್ಮ ಕೈಯನ್ನೇ ಬೈದುಕೊಂಡಿದ್ದಾರೆ. ಕೈಗೆ ಸುಮ್ಮನೆ ಯಾಕೆ ಬೈಗುಳ? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮರ ಜೂನ್‌ನಲ್ಲಿ ನೀರು ಕುಡಿಯುತ್ತದೆ, ಮಾರ್ಚ್‌ನಲ್ಲಿ ಕಕ್ಕುತ್ತದೆ. ಅದಕ್ಕೆ ಜಾಗ ಬಿಟ್ಟು ಕೆಲಸ ಮಾಡಿದವನ ಸಾಮಾನು ಉಳಿಯುತ್ತದೆ.

ಬೆಂಗಳೂರಿನ ಕಂಪನಿ ಕೆಲಸವನ್ನು ಈಗ ಊರಿನಿಂದಲೇ ಮಾಡುತ್ತಿದ್ದೇನೆ. ಸಂಜೆ ಹೊತ್ತು ಮರಗೆಲಸ ಕಲಿಯುವ ಆಸೆ. ಯೂಟ್ಯೂಬ್ ನೋಡಿ ಟೇಬಲ್ ಸಾ, ರೌಟರ್ ಅಂತ ಮರ ಕೊಯ್ಯುವ, ಕೊರೆಯುವ ಮೆಷಿನ್ನುಗಳ ಪಟ್ಟಿ ಮಾಡಿದರೆ ಲಕ್ಷ ದಾಟುತ್ತದೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಶಿರಸಿ ತಾಲೂಕು

ಆ ಪಟ್ಟಿ ಮಡಚಿ ಇಡಿ. ಒಂದು ಕೈಗರಗಸ, ಮುಕ್ಕಾಲು ಇಂಚಿನ ಒಂದು ಉಳಿ, ಮರ ನಯ ಮಾಡುವ ಒಂದು ಹತ್ತರಿ, ಮೂಲೆ ನೇರ ನೋಡುವ ಗುಣ್ಯಾ, ಟೇಪು, ಸುತ್ತಿಗೆ, ಎರಡು ಸಿ-ಕ್ಲಾಂಪು, ಸಾಧಾರಣ ಡ್ರಿಲ್ಲು. ಇಷ್ಟರಲ್ಲಿ ಒಂದು ವರ್ಷ ದೂಡಬಹುದು. ಇದರ ಜೊತೆ ಒಂದು ಕಡೆ ಒರಟು, ಇನ್ನೊಂದು ಕಡೆ ನುಣುಪು ಇರುವ ಸಾಣೆಕಲ್ಲು ಬೇಕೇ ಬೇಕು. ಜಾತ್ರೆ ಅಂಗಡಿಯಲ್ಲಿ ಬಣ್ಣದ ಹಿಡಿಕೆಯ ಆರು ಉಳಿಯ ಸೆಟ್ಟು ಕಣ್ಣಿಗೆ ಚೆಂದ ಕಾಣುತ್ತದೆ. ಅದೇ ದುಡ್ಡಿಗೆ ಒಳ್ಳೆಯದೊಂದು ಉಳಿ ಬರುತ್ತದೆ.

ಅಂಗಡಿಯಿಂದ ತಂದ ಉಳಿ ಹರಿತವಾಗಿರುವುದಿಲ್ಲ, ಅದನ್ನು ಹರಿತ ಮಾಡಿಕೊಳ್ಳುವುದು ನಿಮ್ಮ ಕೆಲಸ. ಮೊದಲು ಚಪ್ಪಟೆ ಬೆನ್ನನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ, ತುದಿಯ ಒಂದಿಂಚು ಒಂದೇ ಸಮ ಹೊಳೆಯುವ ತನಕ ಉಜ್ಜಿ. ಆಮೇಲೆ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿಯಲ್ಲಿ ಹಿಡಿದು ಉಜ್ಜಿ. ತುದಿಯಲ್ಲಿ ಬೆರಳಿಗೆ ತಾಗುವಷ್ಟು ಸಣ್ಣ ಮಡಿಕೆ ಏಳುತ್ತದೆ. ಬೆನ್ನನ್ನು ಮತ್ತೆ ಮಲಗಿಸಿ ಎರಡು ಸಲ ಎಳೆದರೆ ಅದು ಉದುರುತ್ತದೆ. ಮೆದು ಮರದ ಕಡಿದ ತುದಿಯನ್ನು ಕೈಬಲದಿಂದಲೇ ಸವರಿ ನೋಡಿ. ಪುಡಿಯಾಗದೆ ತೆಳ್ಳಗೆ ಸಿಪ್ಪೆ ಎದ್ದರೆ ಉಳಿ ತಯಾರು. ನಮ್ಮ ಅಪ್ಪ ಬನವಾಸಿ ರಸ್ತೆಯ ಶೆಡ್ಡಿನಲ್ಲಿ ಹೊಸ ಹುಡುಗರಿಗೆ ಮೊದಲು ಕೊಡುತ್ತಿದ್ದ ಕೆಲಸ ಇದೊಂದೇ. ಬೇಜಾರು ಬಂದವರು ಅಲ್ಲಿಂದಲೇ ವಾಪಸು ಹೋಗುತ್ತಿದ್ದರು.

ಮೊದಲ ಸಾಮಾನು ಮಣೆಯೇ ಆಗಲಿ, ಕೂರುವ ಮಣೆ. ಟೀಪಾಯಿ ಬೇಡ, ಶೂ ರ‍್ಯಾಕೂ ಬೇಡ. 14 ಇಂಚು ಉದ್ದ, 10 ಇಂಚು ಅಗಲ, ಒಂದಿಂಚು ದಪ್ಪದ ಹಲಗೆ. ಅಡಿಗೆ 9 ಇಂಚು ಉದ್ದ, ಒಂದೂವರೆ ಇಂಚು ಎತ್ತರದ ಎರಡು ಅಡ್ಡಪಟ್ಟಿ. ಹಳೇ ಮನೆ ಬಿಚ್ಚಿದ ಕಡೆ ಹಲಸಿನ ಹಲಗೆ ಸಿಕ್ಕರೆ ಕಣ್ಣು ಮುಚ್ಚಿ ತನ್ನಿ. ಅದು ಕುಡಿಯುವುದನ್ನೆಲ್ಲ ಕುಡಿದು, ಕಕ್ಕುವುದನ್ನೆಲ್ಲ ಕಕ್ಕಿ ಪಳಗಿದ ಮರ. ಗರಗಸ ಹಾಕುವ ಮೊದಲು ಆಯಸ್ಕಾಂತ ಆಡಿಸಿ ನೋಡಿ, ಒಳಗೆ ಮೊಳೆ ಮುರಿದು ಕೂತಿರುತ್ತದೆ. ಹತ್ತರಿ ಹೊಡೆದಾಗ ಹಲಸು ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಬೆಳಕು ಕಂಡಂತೆಲ್ಲ ಕಂದು ಬಣ್ಣಕ್ಕೆ ಬರುತ್ತದೆ.

ಹೊಸಬರು ಎಡವುವುದು ಅಡ್ಡಪಟ್ಟಿ ಕೂರಿಸುವಲ್ಲಿ. ಮರ ಉದ್ದಕ್ಕೆ ಹಿಗ್ಗುವುದಿಲ್ಲ ಅಂದರೂ ನಡೆಯುತ್ತದೆ. ಹಿಗ್ಗುವುದು, ಕುಗ್ಗುವುದು ಅಗಲಕ್ಕೆ. 10 ಇಂಚಿನ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಎರಡು–ಮೂರು ಮಿಲಿಮೀಟರ್ ಅಲುಗುತ್ತದೆ. ಅಡಿಗಿನ ಪಟ್ಟಿಯ ಉದ್ದ ಹಲಗೆಯ ಆ ಅಗಲದ ಗುಂಟ ಬರುವುದರಿಂದ ಪಟ್ಟಿ ಮಾತ್ರ ಅಲುಗುವುದಿಲ್ಲ. ಪಟ್ಟಿಯ ಉದ್ದಕ್ಕೂ ಫೆವಿಕಾಲ್ ಬಳಿದು ಬಿಗಿದಿರೋ, ಬೇಸಿಗೆಯಲ್ಲಿ ಹಲಗೆ ನಡುವೆ ಸೀಳುತ್ತದೆ. ಆದ್ದರಿಂದ ಅಂಟು ಬೇಡ, ಪಟ್ಟಿಗೆ ಮೂರು ಸ್ಕ್ರೂ ಸಾಕು. ನಡುವಿನದಕ್ಕೆ ಮಾತ್ರ ದುಂಡು ತೂತು. ಎರಡು ತುದಿಯವಕ್ಕೆ ಪಟ್ಟಿಯ ಉದ್ದಕ್ಕೆ ಎಳೆದಂತೆ ಉದ್ದ ತೂತು: ಒತ್ತಿಗೊತ್ತಿ ಎರಡು ತೂತು ಕೊರೆದು ನಡುವಿನದನ್ನು ಉಳಿಯಲ್ಲಿ ತೆಗೆದರೆ ಆಯಿತು. ವಾಷರ್ ಹಾಕಿ, ತಲೆ ಕಾಲಿಂಚು ಒಳಗೆ ಮುಳುಗುವಂತೆ 2 ಇಂಚಿನ ಸ್ಕ್ರೂ ಬಿಗಿಯಿರಿ, ಹಲಗೆಯಲ್ಲಿ ಮುಕ್ಕಾಲಿಂಚು ಕಚ್ಚುತ್ತದೆ. ಇನ್ನು ಹಲಗೆ ನಡುವಿನಿಂದ ಎರಡೂ ಕಡೆ ಸರಿಯಬಹುದು, ಸೀಳುವ ಮಾತಿಲ್ಲ. ಇದನ್ನೊಮ್ಮೆ ಕೈಯಲ್ಲಿ ಮಾಡಿದರೆ ಮುಂದೆ ಊಟದ ಮೇಜಿನ ತಲೆಹಲಗೆ ಕೂರಿಸಲೂ ಇದೇ ಲೆಕ್ಕ.

ಗೋಡೆಗೆ ಪುಸ್ತಕದ ರ‍್ಯಾಕ್ ನಾನೇ ಮಾಡಿ ಹಾಕಿದೆ. ಒಂದೇ ಮಳೆಗಾಲಕ್ಕೆ ಸ್ಕ್ರೂ ತುಕ್ಕು ಹಿಡಿದು ಸುತ್ತ ಮರ ಕಪ್ಪಾಗಿದೆ. ಚಿರೆಕಲ್ಲಿನ (ಜಂಬಿಟ್ಟಿಗೆ) ಗೋಡೆ, ಸ್ಕ್ರೂ ಹಿಡಿದಿಡುವ ಪ್ಲಗ್ಗೂ ಅಲುಗಾಡುತ್ತಿದೆ.
— ಗೃಹಿಣಿ, ಕಾರವಾರ

ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಅದು ನಿಮಗೆ ಗೊತ್ತಿದ್ದದ್ದೇ. ಕಪ್ಪಾಗುವುದು ಬೇರೆ ಸಂಗತಿ. ಮತ್ತಿ, ಅಕೇಶಿಯಾ, ತೇಗದಂಥ ಮರದಲ್ಲಿ ಟ್ಯಾನಿನ್ ಎನ್ನುವ ಒಗರು ಇದೆ. ತೇವದಲ್ಲಿ ಕಬ್ಬಿಣ ಅದಕ್ಕೆ ತಾಗಿದರೆ ಮಸಿ ಹುಟ್ಟುತ್ತದೆ. ಹಿಂದೆ ಬರೆಯುವ ಶಾಯಿಯನ್ನು ಮಾಡುತ್ತಿದ್ದದ್ದೂ ಇದೇ ರೀತಿ. ತೆಳು ಆಕ್ಸಾಲಿಕ್ ಆಸಿಡ್ ದ್ರಾವಣ ಬಳಿದರೆ ಕಪ್ಪು ಹೋಗುತ್ತದೆ. ಅದು ವಿಷ, ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಕೆಲಸ ಮುಗಿದ ಮೇಲೆ ಚೆನ್ನಾಗಿ ತೊಳೆಯಿರಿ.

ಮುಂದೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತನ್ನಿ. 304 ದರ್ಜೆ ಒಳಗಿನ ಕೋಣೆಗೆ ಸಾಕು, ಕಡಲಿಗೆ ಮುಖ ಮಾಡಿದ ಜಗಲಿಗಾದರೆ 316 ಕೇಳಿ. ಹಿತ್ತಾಳೆಯದೂ ಆಗುತ್ತದೆ, ಆದರೆ ಅದು ಮೆತ್ತಗೆ, ಗಟ್ಟಿ ಮರದಲ್ಲಿ ತಲೆ ತಿರುಚಿ ಮುರಿಯುತ್ತದೆ. ಮೊದಲು ತೂತು ಕೊರೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಂದನ್ನು ತಿರುಗಿಸಿ ದಾರಿ ಮಾಡಿ ತೆಗೆಯಿರಿ. ಆಮೇಲೆ ಹಿತ್ತಾಳೆಯದಕ್ಕೆ ಸೋಪು ಸವರಿ ಕೂರಿಸಿ.

ಚಿರೆಕಲ್ಲು ಕಾಂಕ್ರೀಟಲ್ಲ. ಡ್ರಿಲ್ಲನ್ನು ಗುದ್ದುತ್ತ ಕೊರೆಯುವ ಹ್ಯಾಮರಿಗೆ ಹಾಕಿದರೆ ತೂತು ಒಳಗೊಳಗೇ ಪುಡಿಯಾಗಿ ಅಗಲವಾಗುತ್ತದೆ. ಹ್ಯಾಮರ್ ಬಂದ್ ಮಾಡಿ, ಬರೀ ತಿರುಗಿಸಿ ಕೊರೆಯಿರಿ. ಗಾರೆ ದಾಟಿ ಕಲ್ಲಿನೊಳಗೆ ಚೆನ್ನಾಗಿ ಇಳಿಯುವಷ್ಟು ಉದ್ದದ ಪ್ಲಗ್ಗು ಹಾಕಿ. ಈಗಾಗಲೇ ಸಡಿಲಾದ ತೂತಿಗೆ ಸಿಮೆಂಟು ಗಾರೆ ತುಂಬಿ, ಅದು ಗಟ್ಟಿಯಾದ ಮೇಲೆ ಹೊಸದಾಗಿ ಕೊರೆಯಿರಿ.

ಇನ್ನೂ ಒಳ್ಳೆ ಉಪಾಯವಿದೆ. 4 ಇಂಚು ಅಗಲದ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ ಎರಡು ಮಾಡಿ. ಒಂದನ್ನು ಓರೆ ಅಂಚು ಮೇಲೆ, ಚೂಪು ಹೊರಕ್ಕೆ ಬರುವಂತೆ ಗೋಡೆಗೆ ಐದಾರು ಕಡೆ ಸ್ಕ್ರೂ ಹೊಡೆಯಿರಿ. ಇನ್ನೊಂದನ್ನು ತಲೆಕೆಳಗಾಗಿ ರ‍್ಯಾಕಿನ ಬೆನ್ನಿಗೆ. ರ‍್ಯಾಕನ್ನು ಎತ್ತಿ ಇಳಿಸಿದರೆ ಬೆನ್ನಿನ ಪಟ್ಟಿ ಗೋಡೆಯ ಪಟ್ಟಿಗೆ ಕಚ್ಚಿಕೊಳ್ಳುತ್ತದೆ. ಭಾರ ಎರಡು ತೂತಿನ ಮೇಲೆ ಬೀಳದೆ ಪಟ್ಟಿಯುದ್ದಕ್ಕೂ ಹಂಚಿಹೋಗುತ್ತದೆ. ಮಳೆಗಾಲದಲ್ಲಿ ರ‍್ಯಾಕ್ ಇಳಿಸಿ ಹಿಂದಿನ ಬೂಷ್ಟು ಒರೆಸಲೂ ಸಲೀಸು.

ನಮ್ಮದೇ ಜಮೀನಿನ ಅಕೇಶಿಯಾ ಕಡಿಸಿ, ಮಿಲ್ಲಿನಲ್ಲಿ ಹಲಗೆ ಸೀಳಿಸಿ, ಅದೇ ತಿಂಗಳು ಬೆಂಚು ಮಾಡಿದೆ. ಏಪ್ರಿಲ್‌ಗೆ ಹಲಗೆ ದೋಣಿಯ ಹಾಗೆ ಬಾಗಿ, ತುದಿಯಲ್ಲಿ ಸೀಳಿದೆ. ಅಕೇಶಿಯಾ ಪ್ರಯೋಜನಕ್ಕಿಲ್ಲದ ಮರವೇ?
— ಓದುಗರು, ಅಂಕೋಲಾ ತಾಲೂಕು

ಮರವನ್ನು ಯಾಕೆ ದೂರುತ್ತೀರಿ? "ಅದೇ ತಿಂಗಳು" ಅಂತ ನೀವೇ ಬರೆದಿದ್ದೀರಿ. ಆಸ್ಟ್ರೇಲಿಯಾ ಕಡೆಯಿಂದ ಬಂದ ಈ ಮರವನ್ನು ನಮ್ಮ ಬೋಳುಗುಡ್ಡಗಳಲ್ಲೆಲ್ಲ ನೆಟ್ಟದ್ದು ಸರಿಯೋ ತಪ್ಪೋ ಎನ್ನುವ ಜಗಳ ಬೇರೆ. ಒಣಗಿದ ಅಕೇಶಿಯಾ ಗಟ್ಟಿ, ಬಣ್ಣವೂ ಚೆಂದ. ಆದರೆ ಹಸಿಯಲ್ಲಿ ಅದರಷ್ಟು ಹಟಮಾರಿ ಇಲ್ಲ.

ಮರವನ್ನು ಗಾಳಿಗೆ ಒಣಗಿಸಲು ದಪ್ಪದ ಇಂಚಿಗೆ ಸುಮಾರು ಒಂದು ವರ್ಷ ಎನ್ನುವುದು ಹಳೇ ಲೆಕ್ಕ. ಸೀಳಿಸಿದ ದಿನವೇ ಹಲಗೆಯ ಎರಡೂ ತುದಿಗೆ ಹಳೇ ಪೇಂಟೋ ಮೇಣವೋ ದಪ್ಪಗೆ ಬಳಿಯಿರಿ. ನೀರು ತುದಿಯಿಂದ ಬೇಗ ಹೋಗುತ್ತದೆ, ನಡುವಿನಿಂದ ನಿಧಾನ. ಆ ಎಳೆದಾಟದಲ್ಲೇ ತುದಿ ಸೀಳುವುದು. ನೆಲದಿಂದ ಒಂದಡಿ ಮೇಲೆ, ಮಳೆ ಬಿಸಿಲು ಬೀಳದ ಕಡೆ, ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು ಅಟ್ಟಿ ಹಾಕಿ. ಪಟ್ಟಿಗಳು ಒಂದರ ನೇರಕ್ಕೆ ಒಂದು ಬರಬೇಕು, ಇಲ್ಲವಾದರೆ ಒಣಗುವಾಗಲೇ ಹಲಗೆ ಡೊಂಕಾಗುತ್ತದೆ. ಮೇಲೆ ಚಿರೆಕಲ್ಲು ಹೇರಿ. ವರಲೆ (ಗೆದ್ದಲು) ಹತ್ತದ ಹಾಗೆ ನೋಡುತ್ತಿರಿ. ಹಿಂದಿನವರು ಒಲೆಯ ಮೇಲಿನ ಅಟ್ಟದಲ್ಲಿ ಹಲಗೆ ಇಡುತ್ತಿದ್ದದ್ದು ಜಾಗ ಇಲ್ಲದೆ ಅಲ್ಲ: ಹೊಗೆ, ಬಿಸಿ ಎರಡೂ ಸಿಗುತ್ತಿತ್ತು, ಹುಳವೂ ಬರುತ್ತಿರಲಿಲ್ಲ.

ಒಣಗಿತೋ ಇಲ್ಲವೋ ತಿಳಿಯಲು ತೇವ ಅಳೆಯುವ ಮೀಟರು ಬೇಡ. ಒಂದು ಹಲಗೆಯ ಮೇಲೆ ಗುರುತು ಹಾಕಿ ತಿಂಗಳಿಗೊಮ್ಮೆ ಅಡಿಕೆ ತೂಗುವ ತಕ್ಕಡಿಗೆ ಹಾಕಿ, ತೂಕವನ್ನು ಹಲಗೆಯ ಮೇಲೇ ಬರೆಯಿರಿ. ಬೇಸಿಗೆಯಲ್ಲೂ ತೂಕ ಇಳಿಯುವುದು ನಿಂತರೆ ಗರಗಸ ಎತ್ತಬಹುದು.

ಇನ್ನೊಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕಾಗುತ್ತದೆ, ವಿನಾಯಿತಿ ಇರುವ ಜಾತಿಗಳ ಪಟ್ಟಿ ಬೇರೆ ಇದೆ. ಕಡಿಯುವ ಮೊದಲು, ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ತೋಟದವರಿಗೆ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟದ ಗೊಬ್ಬರಕ್ಕೆಂದು ಬಿಟ್ಟ ಸರ್ಕಾರಿ ಕಾಡಿನಲ್ಲಿ, ಇರುವುದು ಸೊಪ್ಪು ತರುವ ಹಕ್ಕು. ಅಲ್ಲಿನ ಮರಕ್ಕೆ ಗರಗಸ ಹಾಕಿ ಬೆಂಚು ಮಾಡಲು ಹೋಗಬೇಡಿ.

ಜೇನು ಪೆಟ್ಟಿಗೆ ಮನೆಯಲ್ಲೇ ಮಾಡಬಹುದೇ?
— ಓದುಗರು, ಸಿದ್ದಾಪುರ

ಧಾರಾಳವಾಗಿ. ಪೆಟ್ಟಿಗೆ ಅಂದರೆ ನಾಲ್ಕು ಹಲಗೆ, ಒಂದು ತಳ, ಒಂದು ಮುಚ್ಚಳ. ಕಷ್ಟ ಇರುವುದು ಒಳಗಿನ ಸಂದಿಯಲ್ಲಿ. ಎರಿ ಕಟ್ಟಲು ಒಳಗೆ ಇಳಿಬಿಡುವ ಚೌಕಟ್ಟಿಗೂ (ಫ್ರೇಮು) ಗೋಡೆಗೂ ನಡುವೆ ಜೇನು ಓಡಾಡುವಷ್ಟೇ ಜಾಗ ಇರಬೇಕು, ನಮ್ಮ ತುಡುವೆ ಜೇನಿಗೆ ಸುಮಾರು 8 ಮಿಲಿಮೀಟರ್. ಕಡಿಮೆಯಾದರೆ ಹುಳ ಹಾಯಲಾರದು. ಜಾಸ್ತಿಯಾದರೆ ಅಲ್ಲೂ ಎರಿ ಕಟ್ಟಿ ಫ್ರೇಮನ್ನು ಗೋಡೆಗೆ ಅಂಟಿಸಿಬಿಡುತ್ತವೆ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಈ ಸಂದಿಯ ಗುಟ್ಟು ಹಿಡಿದ ಮೇಲೆಯೇ ಫ್ರೇಮನ್ನು ಸಲೀಸಾಗಿ ಎತ್ತಿ ನೋಡುವ ಪೆಟ್ಟಿಗೆ ಬಳಕೆಗೆ ಬಂದದ್ದು.

ಎ ಟೈಪು, ಬಿ ಟೈಪು ಎಂದು ಅಳತೆ ಬೇರೆ ಬೇರೆ ಇವೆ. ಪಕ್ಕದ ಮನೆಯವರದ್ದಕ್ಕೆ ಹೊಂದದ ಪೆಟ್ಟಿಗೆ ಮಾಡಿಕೊಂಡರೆ ಮುಂದೆ ಒಂದು ಫ್ರೇಮ್ ಎರವಲು ತರಲೂ ಆಗುವುದಿಲ್ಲ. ನಿಮ್ಮೂರಿನಲ್ಲಿ ಯಾವುದು ನಡೆಯುತ್ತದೋ ಅದರ ಫ್ರೇಮನ್ನು ಅಂಗಡಿಯಿಂದಲೇ ತನ್ನಿ, ಅದನ್ನು ಎದುರಿಗಿಟ್ಟುಕೊಂಡು ಸುತ್ತ ಪೆಟ್ಟಿಗೆ ಕಟ್ಟಿ. ಚೆನ್ನಾಗಿ ಒಣಗಿದ, ವಾಸನೆ ಇಲ್ಲದ ಹಗುರ ಮರ ಇರಲಿ. ಮಳೆಗಾಲದಲ್ಲಿ ಹಲಗೆ ಬಾಗಿ 8 ಇದ್ದದ್ದು 6 ಆದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಒಳಗೆ ಪೇಂಟು, ವಾರ್ನಿಷು ಏನೂ ಬೇಡ, ಹೊರಗೆ ಮಾತ್ರ ಬಳಿಯಿರಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಿ, ಇಲ್ಲದಿದ್ದರೆ ನೀವು ಸಾಕುವುದು ಇರುವೆಯನ್ನು.

ಮಗಳು ಏಳನೇ ತರಗತಿ. ರಜೆಯಲ್ಲಿ ಚನ್ನೆಮಣೆ (ಅಳಗುಳಿಮಣೆ) ಮಾಡಬೇಕು ಅನ್ನುತ್ತಾಳೆ. ಗುಳಿ ತೋಡಲು ನನಗೇ ಬರುವುದಿಲ್ಲ.
— ಓದುಗರು, ಹೊನ್ನಾವರ

ತೋಡುವುದೇ ಬೇಡ. ಮುಕ್ಕಾಲಿಂಚಿನ ಎರಡು ಹಲಗೆ ತೆಗೆದುಕೊಳ್ಳಿ, 20 ಇಂಚು ಉದ್ದ, 6½ ಇಂಚು ಅಗಲ. ಒಂದರಲ್ಲಿ ಸಾಲಿಗೆ ಏಳರಂತೆ ಎರಡು ಸಾಲು, ಹದಿನಾಲ್ಕು ಕೇಂದ್ರ ಗುರುತು ಹಾಕಿ, 50 ಮಿಲಿಮೀಟರ್ ಹೋಲ್ ಸಾ ಹಾಕಿ ಆರಪಾರ ಕೊರೆಯಿರಿ. ಅರ್ಧ ಹೋದ ಮೇಲೆ ಹಲಗೆ ಮಗುಚಿ ಇನ್ನೊಂದು ಕಡೆಯಿಂದ ಕೊರೆದರೆ ಅಂಚು ಕಿತ್ತುಬರುವುದಿಲ್ಲ. ಇದಿಷ್ಟು ನಿಮ್ಮ ಕೆಲಸ, ಹಲಗೆ ಕ್ಲಾಂಪಿನಲ್ಲಿ ಬಿಗಿದಿರಬೇಕು, ಮಗಳ ಕೈ ದೂರ ಇರಬೇಕು.

ಅಂಚು ದುಂಡು ಮಾಡುವುದು, ಒಳಗೆ ಉಪ್ಪುಕಾಗದ ಉಜ್ಜುವುದು ಅವಳದು. 80 ನಂಬರಿನ ಕಾಗದದಿಂದ ಶುರು ಮಾಡಿ 120, ಆಮೇಲೆ 220. ಉಜ್ಜಾದ ಮೇಲೆ ಇನ್ನೊಂದು ಹಲಗೆಯನ್ನು ಅಡಿಗೆ ಅಂಟಿಸಿ ರಾತ್ರಿಯಿಡೀ ಬಿಗಿದಿಡಿ. ಕೂರುವ ಮಣೆಗೆ ಬೇಡ ಎಂದ ಅಂಟು ಇಲ್ಲಿ ಯಾಕೆ ಆಗುತ್ತದೆ? ಒಂದೇ ಮರದ ಎರಡೂ ಹಲಗೆಯ ಎಳೆ ಒಂದೇ ದಿಕ್ಕಿಗಿದ್ದರೆ ಎರಡೂ ಕೂಡಿ ಹಿಗ್ಗುತ್ತವೆ. ಅಡ್ಡ ಅಂಟಿಸಿದರೆ ಮಾತ್ರ ತಂಟೆ. ಹುಣಸೆಬೀಜ ತುಂಬಿ ಆಟಕ್ಕೆ ಕೂರಿಸಿ.

ತರಕಾರಿ ಹೆಚ್ಚುವ ಹಲಗೆಗೆ ತೆಂಗಿನೆಣ್ಣೆ ಸವರಬಹುದೇ?
— ಕುಮಟಾ

ಸವರಬಹುದು, ಆದರೆ ಅದು ಒಣಗುವ ಎಣ್ಣೆಯಲ್ಲ, ಜಿಡ್ಡು ಹಾಗೇ ಉಳಿದು ಮುಗ್ಗುಲು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ತಿನ್ನಲು ಮಾರುವ ಶುದ್ಧ ಎಣ್ಣೆಯನ್ನೇ ತೆಳ್ಳಗೆ ಒರೆಸಿ, ದಿನ ಬಿಟ್ಟು ಮತ್ತೊಮ್ಮೆ ಒರೆಸಿ. ಹಾರ್ಡ್‌ವೇರ್ ಅಂಗಡಿಯ 'ಬಾಯ್ಲ್ಡ್' ಎಣ್ಣೆಗೆ ಲೋಹದ ಲವಣ ಬೆರೆಸಿರುತ್ತಾರೆ, ಅಡುಗೆಮನೆಗೆ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುತ್ತ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ತಂತಿಗೆ ಹರವಿ.

ಪ್ಲೈವುಡ್ಡಿನಲ್ಲೇ ಕಲಿಯಬಾರದೇ? ಹಿಗ್ಗುವ ಕಾಟ ಇಲ್ಲವಲ್ಲ.
— ಭಟ್ಕಳ

ಹಿಗ್ಗುವ ಕಾಟ ಕಡಿಮೆ ಹೌದು, ಪದರಗಳು ತೀರಾ ತೆಳು, ಅಡ್ಡಡ್ಡ ಅಂಟಿಸಿರುವುದರಿಂದ ಸೀಳದೆ ಒಂದನ್ನೊಂದು ಹಿಡಿದಿಡುತ್ತವೆ. ಅಡುಗೆಮನೆಗೆ, ಬಚ್ಚಲಿನ ಪಕ್ಕಕ್ಕೆ ನೀರಿಗೆ ಜಗ್ಗದ ಪ್ಲೈವುಡ್ಡಿಗೆ ಹಾಕುವ ಐಎಸ್ 710 ಮುದ್ರೆ ನೋಡಿ ತನ್ನಿ. ಸಾಧಾರಣ ತೇವಕ್ಕಷ್ಟೇ ತಾಳುವ ಐಎಸ್ 303ರ ಎಂಆರ್ ದರ್ಜೆ ನಮ್ಮ ಕರಾವಳಿಯ ತೇವಕ್ಕೆ ಕಪಾಟಿನೊಳಗೂ ತಾಳುವುದು ಕಷ್ಟ. ಕೊಯ್ದ ಅಂಚಿಗೆ ಪ್ರೈಮರ್ ಬಳಿಯದೆ ಬಿಡಬೇಡಿ, ನೀರು ನುಗ್ಗುವುದು ಅಲ್ಲಿಂದಲೇ.

ಬಂದರಿನ ಕಡೆಯಿಂದ ಪ್ಯಾಕಿಂಗ್ ಪ್ಯಾಲೆಟ್ ಅಗ್ಗಕ್ಕೆ ಸಿಗುತ್ತದೆ. ತರಬಹುದೇ?
— ಕಾರವಾರ

ಹಲಗೆಯ ಮೇಲಿನ ಮುದ್ರೆ ಓದಿ. 'ಎಚ್‌ಟಿ' ಅಂದರೆ ಕಾಯಿಸಿ ಹುಳ ಕೊಂದದ್ದು, ತನ್ನಿ. 'ಎಂಬಿ' ಅಂದರೆ ಮೀಥೈಲ್ ಬ್ರೋಮೈಡ್ ಎನ್ನುವ ವಿಷಗಾಳಿ ಹಾಯಿಸಿದ್ದು, ಅಲ್ಲೇ ಬಿಡಿ. ಎಚ್‌ಟಿ ಆದರೂ ಎಣ್ಣೆಯ, ರಾಸಾಯನಿಕದ ಕಲೆ ಇದ್ದರೆ ಮನೆಯೊಳಗೆ ತರಬೇಡಿ. ಬಿಚ್ಚುವಾಗ ಮೊಳೆ ಎಳೆಯಲು ಹೋದರೆ ಪೈನ್ ಹಲಗೆ ಸೀಳುತ್ತದೆ. ಸಂದಿಯಲ್ಲಿ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆಯನ್ನೇ ಕತ್ತರಿಸಿ.